ವೈ-ಫೈ ರೇಂಜ್ ಎಕ್ಸ್‌ಟೆಂಡರ್: ಎಲ್ಲಿಡಬೇಕು, ಹೇಗೆ ಜೋಡಿಸಬೇಕು, ಕೈಕೊಟ್ಟರೆ ಎಲ್ಲಿ ಹುಡುಕಬೇಕು

ಮಹಡಿ ಮೇಲಿನ ರೂಮಿನಲ್ಲಿ ವೈ-ಫೈ ಸಿಗುತ್ತಿಲ್ಲ ಎಂದು ಎಕ್ಸ್‌ಟೆಂಡರ್ ತಂದವರು ಮೊದಲು ಮಾಡುವ ಕೆಲಸವೆಂದರೆ ಅದನ್ನು ಅದೇ ರೂಮಿನ ಪ್ಲಗ್ಗಿಗೆ ಸಿಕ್ಕಿಸುವುದು. ಫೋನಿನಲ್ಲಿ ನಾಲ್ಕೂ ಕಡ್ಡಿ ತುಂಬುತ್ತವೆ, ವಿಡಿಯೊ ಮಾತ್ರ ಸುತ್ತುತ್ತಲೇ ಇರುತ್ತದೆ. ಆಮೇಲೆ ಡಬ್ಬಿಗೆ ಬೈಗುಳ. ಎಕ್ಸ್‌ಟೆಂಡರ್ ತನ್ನ ಕೈಗೆ ಬಂದದ್ದನ್ನು ಮುಂದಕ್ಕೆ ದಾಟಿಸುತ್ತದೆ ಅಷ್ಟೆ. ಸಿಗ್ನಲ್ ಸತ್ತ ಜಾಗದಲ್ಲಿ ಕೂರಿಸಿದರೆ ಅದರ ಕೈಗೇ ಏನೂ ಬರುವುದಿಲ್ಲ. ಫೋನ್ ತೋರಿಸುವ ಆ ನಾಲ್ಕು ಕಡ್ಡಿ ಫೋನಿಗೂ ಎಕ್ಸ್‌ಟೆಂಡರಿಗೂ ಇರುವ ನಂಟಿನ ಲೆಕ್ಕ. ಎಕ್ಸ್‌ಟೆಂಡರಿಗೂ ರೂಟರಿಗೂ ಇರುವ ನಂಟು ಹೇಗಿದೆ ಎಂಬುದು ಅದರಲ್ಲಿ ಕಾಣುವುದೇ ಇಲ್ಲ.

ಹಾಗಾಗಿ ಈ ಕೆಲಸದಲ್ಲಿ ಮುಕ್ಕಾಲು ಪಾಲು ಜಾಗ ಹುಡುಕುವುದು, ಕಾಲು ಪಾಲು ಸೆಟ್ಟಿಂಗ್. ಉದಾಹರಣೆಗೆ ಬೆಂಗಳೂರು, ಮೈಸೂರಿನ ಬಡಾವಣೆಗಳಲ್ಲಿ ಎಲ್ಲೆಲ್ಲೂ ಕಾಣುವ ಮನೆಯೊಂದನ್ನು ಇಟ್ಟುಕೊಳ್ಳೋಣ: 30×40 ಸೈಟು, ಕೆಳಗೊಂದು ಮೇಲೊಂದು ಅಂತಸ್ತು, ನಡುವೆ ಆರ್‌ಸಿಸಿ ಮೋಲ್ಡು. ಫೈಬರ್ ಹಾಕಲು ಬಂದ ಹುಡುಗ ಬೀದಿ ಕಡೆಯ ಗೋಡೆಗೆ ತೂತು ಕೊರೆದು ಹಾಲಿನ ಮೂಲೆಯಲ್ಲಿ ಟಿವಿ ಪಕ್ಕ ರೂಟರ್ ಕೂರಿಸಿ ಹೋಗಿದ್ದಾನೆ. ಸಿಗ್ನಲ್ ಸಾಲದಿರುವುದು ಮೇಲಂತಸ್ತಿನ ಹಿಂದಿನ ರೂಮಿಗೆ, ಅಂದರೆ ರೂಟರಿನಿಂದ ಅತಿ ದೂರದ ಮೂಲೆಗೆ. ಎಕ್ಸ್‌ಟೆಂಡರ್ ಟಿಪಿ-ಲಿಂಕ್ ಆರ್‌ಇ305. ಬೇರೆ ಕಂಪನಿಯದಾದರೆ ಬಟನ್ನಿನ ಹೆಸರು, ದೀಪದ ಬಣ್ಣ ಬದಲಾಗುತ್ತವೆ, ಕ್ರಮ ಇದೇ.

ದುಡ್ಡು ಕೊಡುವ ಮೊದಲು ಅಳೆಯಿರಿ

ಕಡ್ಡಿಗಳನ್ನು ನಂಬಬೇಡಿ, ಅಂಕಿ ನೋಡಿ. ಆಂಡ್ರಾಯ್ಡ್ ಫೋನಿಗೆ ವೈ-ಫೈ ಅನಲೈಸರ್ ಎಂಬ ಬಗೆಯ ಉಚಿತ ಆ್ಯಪ್‌ಗಳಿವೆ. ಐಫೋನಿನಲ್ಲಿ ಆ್ಯಪಲ್‌ನದೇ ಏರ್‌ಪೋರ್ಟ್ ಯುಟಿಲಿಟಿ ಹಾಕಿಕೊಂಡು, ಫೋನಿನ ಸೆಟ್ಟಿಂಗ್ಸ್‌ನಲ್ಲಿ ಆ ಆ್ಯಪಿನ ಹೆಸರಿನಡಿ ವೈ-ಫೈ ಸ್ಕ್ಯಾನರ್ ಆನ್ ಮಾಡಬೇಕು. ಎರಡರಲ್ಲೂ ಸಿಗ್ನಲ್ ಬಲ ಡಿಬಿಎಂ ಎಂಬ ಮೈನಸ್ ಅಂಕಿಯಲ್ಲಿ ಕಾಣುತ್ತದೆ. ಸೊನ್ನೆಗೆ ಹತ್ತಿರವಾದಷ್ಟೂ ಬಲ ಜಾಸ್ತಿ. ಅಂಕಿ 10 ಇಳಿಯಿತೆಂದರೆ ತಲುಪುವ ಶಕ್ತಿ ಹತ್ತನೇ ಒಂದು ಪಾಲಿಗೆ ಇಳಿಯಿತು ಎಂದರ್ಥ, ಆದ್ದರಿಂದ ಮೈನಸ್ 60ಕ್ಕೂ ಮೈನಸ್ 70ಕ್ಕೂ ಇರುವ ಅಂತರ ಸಣ್ಣದಲ್ಲ.

ಮೈನಸ್ 50ರ ಆಸುಪಾಸು ಇದ್ದರೆ ಅತ್ಯುತ್ತಮ. ಮೈನಸ್ 60 ಚೆನ್ನಾಗಿದೆ. ವಿಡಿಯೊ ಕರೆಗೆ ಮೈನಸ್ 67ರವರೆಗೆ ನಡೆಯುತ್ತದೆ. ಮೈನಸ್ 75ರಲ್ಲಿ ವಾಟ್ಸ್ಆ್ಯಪ್ ಮೆಸೇಜು ಹೋಗುತ್ತದೆ, ವಿಡಿಯೊ ಒದ್ದಾಡುತ್ತದೆ. ಮೈನಸ್ 80 ದಾಟಿದರೆ ಕನೆಕ್ಟ್ ಆಗಿದೆ ಎಂದು ಹೆಸರಿಗೆ ಮಾತ್ರ.

ರೂಟರ್ ಪಕ್ಕದಿಂದ ಶುರುಮಾಡಿ ಮನೆಯೆಲ್ಲ ಓಡಾಡಿ. ಒಂದೊಂದು ಜಾಗದಲ್ಲೂ ಹತ್ತು ಹದಿನೈದು ಸೆಕೆಂಡು ನಿಲ್ಲಿ, ಅಂಕಿ ಕುಣಿಯುವುದು ನಿಂತ ಮೇಲೆ ಬರೆದುಕೊಳ್ಳಿ. ಫೋನನ್ನು ಎದೆಗೆ ಅವಚಿಕೊಂಡು ರೂಟರಿಗೆ ಬೆನ್ನು ಹಾಕಿ ನಿಂತರೆ ನಿಮ್ಮ ಮೈಯೇ ಸಿಗ್ನಲ್ಲಿಗೆ ಅಡ್ಡ. ವೈ-ಫೈ ಸಾಮಾನ್ಯವಾಗಿ ಎರಡು ಬ್ಯಾಂಡಿನಲ್ಲಿ (ರೇಡಿಯೊ ಅಲೆಗಳ ಪಟ್ಟಿಯಲ್ಲಿ) ಹರಡುತ್ತದೆ: 2.4 ಮತ್ತು 5 ಗಿಗಾಹರ್ಟ್ಸ್. ಎರಡನ್ನೂ ಬೇರೆಬೇರೆಯಾಗಿ ಗುರುತು ಮಾಡಿ. ನಮ್ಮ ಉದಾಹರಣೆಯ ಮನೆಯಲ್ಲಿ 2.4ರ ಚಿತ್ರ ಹೀಗಿದೆ ಎಂದುಕೊಳ್ಳಿ: ಹಾಲಿನಲ್ಲಿ ಮೈನಸ್ 40, ಮೆಟ್ಟಿಲ ತಿರುವಿನಲ್ಲಿ ಮೈನಸ್ 56, ಮೇಲೆ ಮೆಟ್ಟಿಲು ಮುಗಿಯುವಲ್ಲಿ ಮೈನಸ್ 62, ಹಿಂದಿನ ರೂಮಿನ ಬಾಗಿಲಲ್ಲಿ ಮೈನಸ್ 74, ಮಂಚದ ಹತ್ತಿರ ಮೈನಸ್ 82. ಈ ಐದು ಅಂಕಿಗಳೇ ಮುಂದಿನದನ್ನೆಲ್ಲ ತೀರ್ಮಾನಿಸುತ್ತವೆ.

ಸಿಗ್ನಲ್ ಯಾಕೆ ಬೀಳುತ್ತದೆ ಎಂಬುದು ಮನೆ ಕಟ್ಟಿದ ರೀತಿಯ ಮೇಲಿದೆ. ಕಬ್ಬಿಣ ಕಟ್ಟಿದ ಮೋಲ್ಡು, ಸೈಜುಗಲ್ಲಿನ ಹಳೆಯ ದಪ್ಪ ಗೋಡೆ, ಕರಾವಳಿಯ ಮುರಕಲ್ಲಿನ ಗೋಡೆ ಇವು ಚೆನ್ನಾಗಿಯೇ ನುಂಗುತ್ತವೆ. ಮಂಗಳೂರು ಹೆಂಚಿನ ಮಾಡು ಅಷ್ಟು ತೊಂದರೆ ಕೊಡದು, ಆದರೆ ಅದರ ಮೇಲೆ ಹೊದಿಸಿದ ತಗಡಿನ ಶೀಟು ಬಹುಮಟ್ಟಿಗೆ ಗೋಡೆಯೇ. ಮನೆಯೊಳಗಿನ ಶತ್ರುಗಳನ್ನು ಜನ ಲೆಕ್ಕಕ್ಕೇ ಇಟ್ಟಿರುವುದಿಲ್ಲ: ಸ್ಟೀಲಿನ ಬೀರು, ಬೀರುವಿನ ನಿಲುವುಗನ್ನಡಿ, ಫ್ರಿಜ್ಜು, ಮೀನಿನ ತೊಟ್ಟಿ, ತುಂಬಿದ ನೀರಿನ ಡ್ರಮ್ಮು. ಲೋಹ ಅಲೆಗಳನ್ನು ವಾಪಸು ತಳ್ಳುತ್ತದೆ, ನೀರು ಹೀರಿಕೊಳ್ಳುತ್ತದೆ. ಇನ್ನು 5 ಗಿಗಾಹರ್ಟ್ಸ್ ವೇಗದ್ದು ಹೌದು, ಗೋಡೆ ದಾಟುವುದರಲ್ಲಿ 2.4ಕ್ಕಿಂತ ಸೋಂಬೇರಿ. ಒಂದು ಮೋಲ್ಡು, ಒಂದು ಗೋಡೆ ಅಡ್ಡ ಬಂದರೆ ಅದರ ಆಟ ಮುಗಿಯಿತು ಅನ್ನಬಹುದು.

ರೂಟರನ್ನೇ ಸರಿಸಲು ಆಗುತ್ತದೆಯೇ?

ಇದನ್ನು ಕೇಳಿಕೊಳ್ಳದೆ ಎಕ್ಸ್‌ಟೆಂಡರ್ ಕೊಳ್ಳಬಾರದು. ಟಿವಿ ಯೂನಿಟ್ಟಿನ ಹಿಂದೆ, ನೆಲಕ್ಕೆ ಅಂಟಿಕೊಂಡಂತೆ ಇಟ್ಟಿರುವ ರೂಟರನ್ನು ಆರಡಿ ಎತ್ತರಕ್ಕೆ ಏರಿಸಿ, ಮೆಟ್ಟಿಲಿನ ಕಡೆಗೆ ಹತ್ತಡಿ ತಂದರೆ ಎಷ್ಟೋ ಮನೆಗಳಲ್ಲಿ ಸಮಸ್ಯೆ ಅಲ್ಲಿಗೇ ತೀರುತ್ತದೆ. ಮೆಟ್ಟಿಲ ಸಂದು ಮೋಲ್ಡಿನಲ್ಲಿರುವ ದೊಡ್ಡ ಕಿಂಡಿ. ಸಿಗ್ನಲ್ ಮೇಲಕ್ಕೆ ಹತ್ತುವುದು ಹೆಚ್ಚಾಗಿ ಅಲ್ಲಿಂದಲೇ.

ಫೈಬರ್ ಬಂದು ಸೇರುವ ಡಬ್ಬಿಯನ್ನು ಸರಿಸುವಾಗ ಎಚ್ಚರ ಬೇಕು. ಆ ಹಳದಿ ಅಥವಾ ಬಿಳಿ ಎಳೆಯೊಳಗಿರುವುದು ಗಾಜು. ತಾಮ್ರದ ವೈರಿನಂತೆ ಮಡಚಿ ಕಟ್ಟಿದರೆ ಬೆಳಕು ಸೋರಿಹೋಗಿ ಡಬ್ಬಿಯ ಮೇಲೆ ಎಲ್‌ಒಎಸ್ ಎಂಬ ಕೆಂಪು ದೀಪ ಹತ್ತುತ್ತದೆ. ಸುರುಳಿ ಸುತ್ತುವುದಾದರೆ ಕಾಫಿ ತಟ್ಟೆಯಷ್ಟಾದರೂ ಅಗಲ ಇರಲಿ. ಹಸಿರು ತುದಿಯ ಕನೆಕ್ಟರನ್ನು ಬಿಚ್ಚಿ ಒಳಗೆ ಇಣುಕಬೇಡಿ, ಬರುವ ಬೆಳಕು ಕಣ್ಣಿಗೆ ಕಾಣುವಂಥದ್ದಲ್ಲ, ಹಾನಿ ಮಾತ್ರ ಮಾಡಬಲ್ಲದು. ಎಳೆ ಉದ್ದ ಸಾಲದಿದ್ದರೆ ಕನೆಕ್ಷನ್ ಕೊಟ್ಟವರನ್ನೇ ಕರೆಸುವುದು ವಾಸಿ.

ಯಾವುದನ್ನು ಕೊಳ್ಳಬೇಕು

ಸಿಂಗಲ್ ಬ್ಯಾಂಡ್, ಅಂದರೆ 2.4 ಮಾತ್ರ ಇರುವ, ಡಬ್ಬಿಯ ಮೇಲೆ ಎನ್300 ಎಂದು ಬರೆದಿರುವ ಎಕ್ಸ್‌ಟೆಂಡರ್ ಅಗ್ಗಕ್ಕೆ ಸಿಗುತ್ತದೆ. ಅದರ ಕೊರತೆ ಏನೆಂದು ತಿಳಿದು ಕೊಳ್ಳಿ. ಬಾವಿಯಿಂದ ಹಂಡೆಯವರೆಗೆ ಸಾಲಾಗಿ ನಿಂತು ಕೊಡ ದಾಟಿಸುವಾಗ ನಡುವೆ ನಿಂತವನು ಒಂದು ಕೊಡ ಇಸಕೊಂಡು, ತಿರುಗಿ, ಕೊಟ್ಟು, ಕೈ ಖಾಲಿಯಾದ ಮೇಲೆಯೇ ಇನ್ನೊಂದಕ್ಕೆ ಕೈ ಚಾಚಬೇಕು. ಒಂದೇ ರೇಡಿಯೊ ಇರುವ ಎಕ್ಸ್‌ಟೆಂಡರಿನ ಪಾಡೂ ಅದೇ: ಒಂದೇ ಚಾನೆಲ್ಲಿನಲ್ಲಿ (ಬ್ಯಾಂಡಿನೊಳಗಿನ ಒಂದು ಓಣಿಯಲ್ಲಿ) ರೂಟರಿನ ಮಾತು ಕೇಳಬೇಕು, ಮತ್ತೆ ಅದನ್ನೇ ಫೋನಿಗೆ ಹೇಳಬೇಕು. ವೇಗ ಸರಿಸುಮಾರು ಅರ್ಧಕ್ಕೆ ಇಳಿಯುತ್ತದೆ. ಇದು ಕೆಟ್ಟ ಮಾಲಿನ ಲಕ್ಷಣವಲ್ಲ, ಕೆಲಸದ ಸ್ವಭಾವ.

ಡ್ಯುಯಲ್ ಬ್ಯಾಂಡಿನದು ಒಂದು ಬ್ಯಾಂಡಿನಲ್ಲಿ ರೂಟರಿನ ಜೊತೆ, ಇನ್ನೊಂದರಲ್ಲಿ ನಿಮ್ಮ ಫೋನಿನ ಜೊತೆ ಮಾತಾಡಬಲ್ಲದು. ಎಸಿ1200 ಎಂದರೆ 2.4ರಲ್ಲಿ 300, 5ರಲ್ಲಿ 867 ಎಂಬಿಪಿಎಸ್ ಕೂಡಿಸಿ ಸುತ್ತಿ ಬರೆದ ಅಂಕಿ. ಅದು ಕಾಗದದ ಲೆಕ್ಕ, ನಿಮಗೆ ಸಿಗುವ ವೇಗವಲ್ಲ. ಲ್ಯಾನ್ ಪೋರ್ಟ್ (ನೆಟ್‌ವರ್ಕ್ ವೈರು ಸಿಕ್ಕಿಸುವ ಕಿಂಡಿ) ಎಷ್ಟರದ್ದು ಎಂದೂ ನೋಡಿ. ಆರ್‌ಇ305ರ ಪೋರ್ಟ್ 10/100ರದ್ದು, ಅಂದರೆ ಹೆಚ್ಚೆಂದರೆ 100 ಎಂಬಿಪಿಎಸ್. ಅದಕ್ಕೆ ವೈರು ಸಿಕ್ಕಿಸಿದರೆ ಪ್ಲಾನ್ 300ರದ್ದಾದರೂ 95ರ ಆಚೆ ಹೋಗುವುದಿಲ್ಲ. 100ರೊಳಗಿನ ಪ್ಲಾನಿನವರು ತಲೆ ಕೆಡಿಸಿಕೊಳ್ಳಬೇಕಿಲ್ಲ, ಮೇಲಿನವರು ಗಿಗಾಬಿಟ್ ಪೋರ್ಟ್ ಇರುವುದನ್ನು ಕೇಳಿ ತನ್ನಿ.

ರೂಟರಿಗೆ ಇರುವುದು 2.4 ಒಂದೇ ಆಗಿದ್ದರೆ ಡ್ಯುಯಲ್ ಬ್ಯಾಂಡ್ ತಂದು ಪೂರ್ತಿ ಲಾಭವಿಲ್ಲ, ಆದರೂ ಸ್ವಲ್ಪವಿದೆ. ರೂಟರಿನಿಂದ 2.4ರಲ್ಲಿ ತೆಗೆದುಕೊಂಡು ನಿಮಗೆ 5ರಲ್ಲಿ ಕೊಟ್ಟರೆ ಅರ್ಧವಾಗುವ ಪೆಟ್ಟು ತಪ್ಪುತ್ತದೆ.

ಅಮೆರಿಕದಿಂದ ಬಂದ ಮಗನೋ ಅಳಿಯನೋ ಸೂಟ್‌ಕೇಸಿನಲ್ಲಿ ತಂದುಕೊಟ್ಟ ಎಕ್ಸ್‌ಟೆಂಡರ್ ಆದರೆ ಮೊದಲು ಹಿಂಬದಿಯ ಸಣ್ಣ ಅಕ್ಷರ ಓದಿ. 100–240 ವೋಲ್ಟ್ ಎಂದಿದ್ದರೆ ಸರಿ, ಅಡಾಪ್ಟರ್ ಹಾಕಿ ಬಳಸಬಹುದು. 120 ವೋಲ್ಟ್ ಎಂದಷ್ಟೇ ಇದ್ದರೆ ನಮ್ಮ 230ಕ್ಕೆ ಸಿಕ್ಕಿಸಿದ ಕ್ಷಣ ಸುಟ್ಟಿತು. ಇನ್ನೊಂದು ಗುಟ್ಟು: ಅಲ್ಲಿಯ ಮಾಡೆಲ್‌ಗಳು 2.4ರಲ್ಲಿ 1ರಿಂದ 11ರವರೆಗಿನ ಚಾನೆಲ್ ಮಾತ್ರ ನೋಡುತ್ತವೆ. ಇಲ್ಲಿಯ ರೂಟರ್ 12 ಅಥವಾ 13ಕ್ಕೆ ಹೋಗಿ ಕೂತರೆ ನಿಮ್ಮ ಮನೆಯ ವೈ-ಫೈ ಹೆಸರೇ ಅದಕ್ಕೆ ಕಾಣಿಸದು.

ರೂಟರಿನ ಕಡೆ ಮಾಡಬೇಕಾದ ತಯಾರಿ

ಬ್ರೌಸರಿನಲ್ಲಿ ರೂಟರಿನ ಸೆಟ್ಟಿಂಗ್ ಪುಟಕ್ಕೆ ಹೋಗಿ. ವಿಳಾಸ ಸಾಮಾನ್ಯವಾಗಿ ಡಬ್ಬಿಯ ಕೆಳಗಿನ ಚೀಟಿಯಲ್ಲಿರುತ್ತದೆ: 192.168.1.1 ಅಥವಾ 192.168.0.1, ಜಿಯೋಫೈಬರ್ ಆದರೆ 192.168.29.1. ಅಲ್ಲಿ ನಾಲ್ಕು ವಿಷಯ ನೋಡಬೇಕು.

ಒಂದು, 2.4ರ ಚಾನೆಲ್. ಆಟೊ ಎಂದಿದ್ದರೆ ತೆಗೆದು 1, 6, 11 ಈ ಮೂರರಲ್ಲಿ ಅಕ್ಕಪಕ್ಕದ ಮನೆಯವರ ಗದ್ದಲ ಕಡಿಮೆ ಇರುವುದನ್ನು ಹಾಕಿ. ಒಂದರ ಮೇಲೊಂದು ಬೀಳದ ಚಾನೆಲ್‌ಗಳು ಈ ಮೂರೇ. ಅಪಾರ್ಟ್‌ಮೆಂಟಿನಲ್ಲಿ ಚಾನೆಲ್ಲಿನ ಅಗಲವನ್ನು 20 ಮೆಗಾಹರ್ಟ್ಸಿಗೆ ಇಳಿಸಿ. 40 ಇಟ್ಟರೆ ನೆರೆಯವರ ಜೊತೆ ಜಗಳವೇ ಹೆಚ್ಚು.

ಎರಡು, 5ರ ಚಾನೆಲ್. 36ರಿಂದ 48ರ ನಡುವೆ ಅಥವಾ 149ರಿಂದ ಮೇಲಿನದನ್ನು ಇಡಿ. 52ರಿಂದ 144ರವರೆಗಿನವು ರಡಾರ್ ಜೊತೆ ಹಂಚಿಕೊಂಡ ಚಾನೆಲ್‌ಗಳು. ಅಲ್ಲಿ ರಡಾರ್ ಸದ್ದು ಕೇಳಿತು ಎಂದು ರೂಟರಿಗೆ ಅನ್ನಿಸಿದರೆ ಆ ಜಾಗ ಬಿಟ್ಟು ಜಿಗಿಯಲೇಬೇಕು, ಎಕ್ಸ್‌ಟೆಂಡರಿನ ನಂಟು ಆಗ ಕಡಿಯುತ್ತದೆ. ಅಗ್ಗದ ಎಕ್ಸ್‌ಟೆಂಡರ್‌ಗಳಲ್ಲಿ ಕೆಲವಕ್ಕೆ ಈ ಚಾನೆಲ್‌ಗಳು ಕಾಣುವುದೇ ಇಲ್ಲ. ‘5 ಜಿ ಹೆಸರು ಪಟ್ಟಿಯಲ್ಲಿ ಬರುತ್ತಿಲ್ಲ’ ಎಂಬ ದೂರಿನ ಹಿಂದೆ ಎಷ್ಟೋ ಸಲ ಇದೇ ಇರುತ್ತದೆ.

ಮೂರು, ಭದ್ರತೆ. ರೂಟರಿನಲ್ಲಿ ಡಬ್ಲ್ಯುಪಿಎ3 (ವೈ-ಫೈಗೆ ಬೀಗ ಹಾಕುವ ಹೊಸ ಪದ್ಧತಿ) ಮಾತ್ರ ಎಂದಿದ್ದರೆ ಹಳೆಯ ಎಕ್ಸ್‌ಟೆಂಡರ್ ಒಳಗೆ ಬರಲಾರದು. ಡಬ್ಲ್ಯುಪಿಎ2/ಡಬ್ಲ್ಯುಪಿಎ3 ಎರಡೂ ಸೇರಿದ ಆಯ್ಕೆ ಇಡಿ. ಅದಕ್ಕೂ ಸೇರದಿದ್ದರೆ ಡಬ್ಲ್ಯುಪಿಎ2.

ನಾಲ್ಕು, ಮ್ಯಾಕ್ ಫಿಲ್ಟರ್. ಮ್ಯಾಕ್ ಎಂದರೆ ಒಂದೊಂದು ಸಾಧನಕ್ಕೂ ಇರುವ ಗುರುತಿನ ವಿಳಾಸ. ‘ನಾನು ಸೇರಿಸಿದ ಫೋನುಗಳು ಮಾತ್ರ’ ಎಂಬ ಪಟ್ಟಿ ಮಾಡಿದ್ದರೆ ಜೋಡಣೆ ಮುಗಿಯುವವರೆಗೆ ತೆಗೆದಿಡಿ. ಎಕ್ಸ್‌ಟೆಂಡರ್ ಮೂಲಕ ಬರುವ ಫೋನುಗಳು ರೂಟರಿಗೆ ಬೇರೆ ಮ್ಯಾಕ್ ವಿಳಾಸದಲ್ಲಿ ಕಾಣಿಸಬಹುದು, ಆಮೇಲೆ ಅವನ್ನೂ ಪಟ್ಟಿಗೆ ಹಾಕಬೇಕಾಗುತ್ತದೆ.

ವೈ-ಫೈ ಹೆಸರು, ಪಾಸ್‌ವರ್ಡ್ ಎರಡನ್ನೂ ಕಾಗದದ ಮೇಲೆ ಬರೆದಿಟ್ಟುಕೊಳ್ಳಿ. ದೊಡ್ಡಕ್ಷರ ಸಣ್ಣಕ್ಷರ ಬೇರೆಬೇರೆ. ಹೆಸರಿನ ಕೊನೆಯಲ್ಲಿ ಕಣ್ಣಿಗೆ ಕಾಣದ ಖಾಲಿ ಜಾಗ ಸೇರಿಕೊಂಡು ಅರ್ಧ ದಿನ ತಿನ್ನುವುದುಂಟು.

ಜೋಡಣೆ

ಜೋಡಿಸುವುದು ರೂಟರ್ ಇರುವ ರೂಮಿನಲ್ಲೇ. ನಾಲ್ಕೈದು ಅಡಿ ದೂರದ ಪ್ಲಗ್ಗು ಸಾಕು. ಸೆಟ್ಟಿಂಗ್ ಅದರ ನೆನಪಿನಲ್ಲಿ ಉಳಿಯುತ್ತದೆ, ಆಮೇಲೆ ಕಿತ್ತು ಬೇರೆ ಕಡೆ ಹಾಕಿದರೆ ಮತ್ತೆ ಮೊದಲಿನಿಂದ ಮಾಡಬೇಕಿಲ್ಲ.

1. ಎಕ್ಸ್‌ಟೆಂಡರ್ ಸಿಕ್ಕಿಸಿ, ಪವರ್ ದೀಪ ಮಿಣುಕುವುದು ನಿಂತು ಸ್ಥಿರವಾಗುವವರೆಗೆ ಒಂದೆರಡು ನಿಮಿಷ ಕಾಯಿರಿ.

2. ಫೋನಿನಲ್ಲಿ ಮೊಬೈಲ್ ಡೇಟಾ ಆಫ್ ಮಾಡಿ. ಈ ಒಂದು ಹೆಜ್ಜೆ ಬಿಟ್ಟವರೇ ‘ಪುಟ ತೆರೆಯುತ್ತಿಲ್ಲ’ ಎನ್ನುವವರು. ಎಕ್ಸ್‌ಟೆಂಡರಿನ ವೈ-ಫೈಯಲ್ಲಿ ಇನ್ನೂ ಇಂಟರ್‌ನೆಟ್ ಇರುವುದಿಲ್ಲ, ಅದನ್ನು ಕಂಡ ಫೋನ್ ಸದ್ದಿಲ್ಲದೆ ಸಿಮ್ಮಿನ ಡೇಟಾಗೆ ಜಾರಿಕೊಳ್ಳುತ್ತದೆ. ವಿಪಿಎನ್ ಇದ್ದರೆ ಅದನ್ನೂ ನಿಲ್ಲಿಸಿ.

3. ವೈ-ಫೈ ಪಟ್ಟಿಯಲ್ಲಿ ಟಿಪಿ-ಲಿಂಕ್ ಎಕ್ಸ್‌ಟೆಂಡರ್ ಎಂದು ಶುರುವಾಗುವ ಹೆಸರಿಗೆ ಸೇರಿ. ಪಾಸ್‌ವರ್ಡ್ ಕೇಳದು. ‘ಇಂಟರ್‌ನೆಟ್ ಇಲ್ಲ, ಆದರೂ ಇರಬೇಕೆ’ ಎಂದು ಫೋನ್ ಕೇಳಿದರೆ ಹೌದು ಎನ್ನಿ.

4. ಬ್ರೌಸರಿನ ವಿಳಾಸದ ಪಟ್ಟಿಯಲ್ಲಿ 192.168.0.254 ಬರೆಯಿರಿ, ಇಲ್ಲವೇ ಟಿಪಿ-ಲಿಂಕ್‌ನದೇ ಟೆದರ್ ಆ್ಯಪ್ ತೆರೆಯಿರಿ. ಅಡ್ಮಿನ್ ಪಾಸ್‌ವರ್ಡ್ ಹೊಸದಾಗಿ ಇಡಲು ಹೇಳುತ್ತದೆ. ಇದು ಎಕ್ಸ್‌ಟೆಂಡರಿನ ಬೀಗ, ವೈ-ಫೈ ಪಾಸ್‌ವರ್ಡ್ ಬೇರೆ. ಎರಡನ್ನೂ ಒಂದೇ ಇಡಬೇಡಿ, ಬಂದ ನೆಂಟರಿಗೆಲ್ಲ ವೈ-ಫೈ ಪಾಸ್‌ವರ್ಡ್ ಹೇಳುತ್ತೀರಲ್ಲ.

5. ಅದು ಹುಡುಕಿ ತೋರಿಸುವ ಪಟ್ಟಿಯಿಂದ ಮೊದಲು ನಿಮ್ಮ 2.4ರ ಹೆಸರು ಆರಿಸಿ ಪಾಸ್‌ವರ್ಡ್ ಕೊಡಿ, ಆಮೇಲೆ 5ರದ್ದು. ಎರಡಕ್ಕೂ ರೂಟರಿನಲ್ಲಿ ಒಂದೇ ಹೆಸರಿದ್ದರೆ ಗೊಂದಲವಾಗದು, ಪಟ್ಟಿಗಳು ಬೇರೆಬೇರೆಯಾಗಿಯೇ ಬರುತ್ತವೆ. ಒಂದಕ್ಕೆ ಸೇರಿ ಇನ್ನೊಂದಕ್ಕೆ ಸೇರದೆ ಸತಾಯಿಸಿದರೆ ಮಾತ್ರ ರೂಟರಿನಲ್ಲಿ ತಾತ್ಕಾಲಿಕವಾಗಿ ಎರಡು ಹೆಸರು ಮಾಡಿ.

6. ಮುಂದಕ್ಕೆ ಹರಡುವ ವೈ-ಫೈಗೆ ಹೆಸರು ಕೇಳುತ್ತದೆ. ಸದ್ಯಕ್ಕೆ ಕೊನೆಗೆ ‘ಮೇಲೆ’ ಎಂದೋ ‘ಎಕ್ಸ್‌ಟಿ’ ಎಂದೋ ಸೇರಿಸಿ ಬೇರೆ ಹೆಸರೇ ಇರಲಿ. ಪರೀಕ್ಷೆ ಮಾಡುವಾಗ ಫೋನ್ ಯಾವುದರಲ್ಲಿದೆ ಎಂದು ತಿಳಿಯದಿದ್ದರೆ ಅಳತೆಗೆ ಅರ್ಥವಿಲ್ಲ.

7. ಸೇವ್ ಮಾಡಿ. ಎಕ್ಸ್‌ಟೆಂಡರ್ ಒಮ್ಮೆ ಮಲಗಿ ಏಳುತ್ತದೆ. ಹೊಸ ಹೆಸರಿಗೆ ಸೇರಿ ಯಾವುದಾದರೂ ಪುಟ ತೆರೆದು ನೋಡಿ. ತೆರೆಯಿತೆಂದರೆ ಜೋಡಣೆ ಆಯಿತು. ಇಲ್ಲೇ ತೆರೆಯದಿದ್ದರೆ ಮೇಲೆ ಒಯ್ಯಬೇಡಿ, ಕಾರಣ ಇಲ್ಲೇ ಹುಡುಕಿ.

ಬಟನ್ ಒತ್ತಿ ಜೋಡಿಸುವ ಡಬ್ಲ್ಯುಪಿಎಸ್ ದಾರಿಯೂ ಇದೆ: ರೂಟರಿನ ಬಟನ್ ಒತ್ತಿ, ಎರಡು ನಿಮಿಷದೊಳಗೆ ಎಕ್ಸ್‌ಟೆಂಡರಿನದನ್ನು ಒತ್ತುವುದು. ಆಗಿಬಿಟ್ಟರೆ ಸುಲಭ. ಆದರೆ ಕನೆಕ್ಷನ್ ಜೊತೆ ಬರುವ ರೂಟರ್‌ಗಳಲ್ಲಿ ಇದನ್ನು ಮುಚ್ಚಿರುವುದುಂಟು, ಡಬ್ಲ್ಯುಪಿಎ3ರಲ್ಲಿ ಇದು ನಡೆಯುವುದೂ ಇಲ್ಲ. ಕೆಲವು ಡಬ್ಬಿಗಳಲ್ಲಿ ವೈ-ಫೈ ಆನ್-ಆಫ್ ಮಾಡಲೂ ಅದೇ ಬಟನ್. ಸ್ವಲ್ಪ ಹೆಚ್ಚು ಹೊತ್ತು ಒತ್ತಿ ಹಿಡಿದರೆ ಇಡೀ ಮನೆಯ ವೈ-ಫೈ ಆರುತ್ತದೆ. ಬ್ರೌಸರಿನ ದಾರಿಯೇ ಮೇಲು. ಎಲ್ಲ ಮುಗಿದ ಮೇಲೆ ರೂಟರಿನಲ್ಲಿ ಡಬ್ಲ್ಯುಪಿಎಸ್ ಆಫ್ ಮಾಡಿ, ಅದರ ಎಂಟಂಕಿ ಪಿನ್ ಪದ್ಧತಿ ಮುರಿಯಲು ಸುಲಭ ಎಂಬುದು ಹಳೆಯ ಸಂಗತಿ.

ಜಾಗ

ಈಗ ಬರೆದಿಟ್ಟ ಅಂಕಿಗಳನ್ನು ತೆಗೆಯಿರಿ. ರೂಟರಿನ ಸಿಗ್ನಲ್ ಮೈನಸ್ 55ರಿಂದ ಮೈನಸ್ 65ರ ನಡುವೆ ಇರುವ ಜಾಗ, ಅದರಲ್ಲೂ ಸಿಗ್ನಲ್ ಬೇಕಾದ ರೂಮಿಗೆ ಆದಷ್ಟು ಹತ್ತಿರದ್ದು, ನಮಗೆ ಬೇಕಾದ್ದು. ಉದಾಹರಣೆಯ ಮನೆಯಲ್ಲಿ ಅದು ಮೇಲೆ ಮೆಟ್ಟಿಲು ಮುಗಿಯುವ ಜಾಗ, ಮೈನಸ್ 62. ಹಿಂದಿನ ರೂಮಿನ ಬಾಗಿಲೂ (ಮೈನಸ್ 74) ಬೇಡ, ಮೆಟ್ಟಿಲ ತಿರುವೂ ಬೇಡ. ತಿರುವಿನಲ್ಲಿ ಎಕ್ಸ್‌ಟೆಂಡರಿಗೆ ಸಿಗ್ನಲ್ ಭರ್ಜರಿಯಾಗಿ ಸಿಗುತ್ತದೆ, ಅಲ್ಲಿಂದ ರೂಮಿಗೆ ಹೋಗಲು ಮತ್ತೆ ಅವೇ ಗೋಡೆಗಳನ್ನು ದಾಟಬೇಕು.

ಆರ್‌ಇ305ರ ಸಿಗ್ನಲ್ ದೀಪ ನೀಲಿಯಾದರೆ ಜಾಗ ಸರಿ, ಕೆಂಪಾದರೆ ರೂಟರಿನಿಂದ ದೂರವಾಯಿತು. ದೀಪ ಒರಟು ಸೂಚನೆಯಷ್ಟೇ. ನಿಜವಾದ ಪರೀಕ್ಷೆ ಎರಡು ಕಡೆ ನಿಂತು ಮಾಡುವುದು. ಮೊದಲು ಎಕ್ಸ್‌ಟೆಂಡರಿನಿಂದ ಮೂರಡಿ ದೂರದಲ್ಲಿ ನಿಂತು, ಅದರದೇ ಹೆಸರಿಗೆ ಸೇರಿ ಸ್ಪೀಡ್ ಟೆಸ್ಟ್ ಮಾಡಿ. ಆಮೇಲೆ ರೂಮಿನ ಮಂಚದ ಮೇಲೆ ಕೂತು ಮಾಡಿ. ಎಕ್ಸ್‌ಟೆಂಡರ್ ಪಕ್ಕದಲ್ಲೇ ವೇಗ ಕಡಿಮೆ ಬಂದರೆ ಅದಕ್ಕೆ ಬರುತ್ತಿರುವುದೇ ಕಡಿಮೆ, ರೂಟರಿನ ಕಡೆಗೆ ನಾಲ್ಕಡಿ ಸರಿಸಿ. ಪಕ್ಕದಲ್ಲಿ 45 ಬಂದು ಮಂಚದ ಮೇಲೆ 8 ಬಂದರೆ ಕೊಡುವ ಕಡೆ ಸೋರುತ್ತಿದೆ, ರೂಮಿನ ಕಡೆಗೆ ಸರಿಸಿ. ಈ ಎರಡು ಅಂಕಿ ಇಲ್ಲದೆ ಎಕ್ಸ್‌ಟೆಂಡರನ್ನು ಊರೆಲ್ಲ ಸುತ್ತಿಸುವುದು ಕತ್ತಲಲ್ಲಿ ಸೂಜಿ ಹುಡುಕಿದಂತೆ. ಒಂದೊಂದು ಜಾಗದಲ್ಲೂ ಮೂರು ಸಲ ಅಳೆಯಿರಿ, ಸಂಜೆ ಏಳರಿಂದ ಹತ್ತರ ನಡುವೆಯೂ ಒಮ್ಮೆ ಅಳೆಯಿರಿ. ನೆರೆಹೊರೆಯ ವೈ-ಫೈಗಳೆಲ್ಲ ದುಡಿಯುವ ಹೊತ್ತು ಅದು.

ಬೇಕಾದಲ್ಲಿ ಪ್ಲಗ್ ಪಾಯಿಂಟ್ ಇರುವುದಿಲ್ಲ, ಅದು ಗೊತ್ತಿದ್ದದ್ದೇ. ಎಲೆಕ್ಟ್ರಿಷಿಯನ್ನನ್ನು ಕರೆಯುವ ಮೊದಲು ಎಕ್ಸ್‌ಟೆನ್ಶನ್ ಬಾಕ್ಸ್ ಎಳೆದು ಎರಡು ದಿನ ಅಲ್ಲಿಟ್ಟು ನೋಡಿ. ಮಂಚದ ಹಿಂದೆ, ನೆಲದಿಂದ ಒಂದಡಿ ಮೇಲಿರುವ ಪಾಯಿಂಟಿಗಿಂತ ಸ್ವಿಚ್‌ಬೋರ್ಡಿನ ನಾಲ್ಕೈದು ಅಡಿ ಎತ್ತರ ಎಷ್ಟೋ ಮೇಲು.

ಆ್ಯಂಟೆನಾ ನೆಟ್ಟಗೆ ನಿಂತಾಗ ಸಿಗ್ನಲ್ ಸುತ್ತಲೂ, ಅಂದರೆ ಅದೇ ಅಂತಸ್ತಿನಲ್ಲಿ, ವಡೆಯ ಆಕಾರದಲ್ಲಿ ಹರಡುತ್ತದೆ. ನೆತ್ತಿಯ ಮೇಲೆ, ಕಾಲ ಕೆಳಗೆ ಕಡಿಮೆ. ರೂಟರ್ ಒಂದು ಅಂತಸ್ತು ಕೆಳಗಿದ್ದರೆ ಎರಡರಲ್ಲಿ ಒಂದು ಆ್ಯಂಟೆನಾ ಮಲಗಿಸಿ ನೋಡಿ. ಕೆಲವು ಮನೆಯಲ್ಲಿ ಇದರಿಂದ ಮೂರ್ನಾಲ್ಕು ಅಂಕಿ ಸುಧಾರಿಸುತ್ತದೆ, ಕೆಲವು ಕಡೆ ಏನೂ ಆಗದು.

ಪಿನ್ನಿನ ಬಗ್ಗೆ ಒಂದು ಮಾತು. ತೆಳು ಪಿನ್ನಿನ ಪ್ಲಗ್ ನಮ್ಮ ಹಳೆಯ ಸಾಕೆಟ್ಟುಗಳಲ್ಲಿ ಸಡಿಲವಾಗಿ ಜೋತಾಡುತ್ತದೆ. ಎಕ್ಸ್‌ಟೆಂಡರಿನ ಭಾರಕ್ಕೆ ಮುಂದೆ ಬಾಗಿ, ಫ್ಯಾನಿನ ಗಾಳಿಗೆ ಅಲುಗಿದಾಗಲೆಲ್ಲ ಕರೆಂಟು ಕಡಿದು ಮತ್ತೆ ಮೊದಲಿನಿಂದ ಶುರು. ‘ಗಂಟೆಗೊಂದು ಸಲ ಹೋಗಿ ಬರುತ್ತದೆ’ ಎನ್ನುವ ರೋಗಕ್ಕೆ ಸಾಫ್ಟ್‌ವೇರಿನಲ್ಲಿ ಮದ್ದು ಹುಡುಕುವ ಮುನ್ನ ಪ್ಲಗ್ಗನ್ನು ಬೆರಳಿಂದ ಒತ್ತಿ ನೋಡಿ. ಚಟಪಟ ಸದ್ದು ಬಂದರೆ ಸಾಕೆಟ್ ಬದಲಿಸಿ.

ಆ ಪಾಯಿಂಟು ಯುಪಿಎಸ್ ಲೈನಿನಲ್ಲಿದೆಯೇ ಎಂಬುದನ್ನೂ ವಿಚಾರಿಸಿ. ಲೈಟು, ಫ್ಯಾನಿಗೆ ಯುಪಿಎಸ್ ಕೊಟ್ಟು ರೂಮಿನ ಪ್ಲಗ್ಗುಗಳನ್ನು ಬಿಟ್ಟಿರುವ ಮನೆಗಳು ಬಹಳ. ಕರೆಂಟು ಹೋದಾಗ ಕೆಳಗೆ ರೂಟರ್ ಉರಿಯುತ್ತಿರುತ್ತದೆ, ಮೇಲೆ ಎಕ್ಸ್‌ಟೆಂಡರ್ ಸತ್ತಿರುತ್ತದೆ, ಮೀಟಿಂಗ್ ನಡುವೆ ನೀವು ಮೆಟ್ಟಿಲಿಳಿದು ಓಡುತ್ತಿರುತ್ತೀರಿ. ಮೇನ್ಸ್ ಆಫ್ ಮಾಡಿ ಒಮ್ಮೆ ನೋಡಿದರೆ ಗೊತ್ತಾಗುತ್ತದೆ.

ಒಂದೇ ಹೆಸರೋ, ಎರಡೋ?

ಜಾಗ ಗಟ್ಟಿಯಾದ ಮೇಲೆ ಎಕ್ಸ್‌ಟೆಂಡರಿಗೂ ರೂಟರಿನ ಹೆಸರು, ಪಾಸ್‌ವರ್ಡನ್ನೇ ಕೊಡಬಹುದು. ಆಗ ಫೋನ್ ತಾನೇ ಬದಲಾಯಿಸಿಕೊಳ್ಳುತ್ತದೆ. ಯಾವಾಗ ಬದಲಾಯಿಸಬೇಕೆಂದು ತೀರ್ಮಾನಿಸುವುದು ಮಾತ್ರ ಫೋನೇ. ಕೆಲವು ಫೋನು, ಲ್ಯಾಪ್‌ಟಾಪುಗಳು ಹಳೆಯ ನಂಟು ಬಿಡಲೊಲ್ಲವು. ಮಹಡಿ ಹತ್ತಿ ಎಕ್ಸ್‌ಟೆಂಡರ್ ಮುಂದೆ ಕೂತರೂ ಕೆಳಗಿನ ರೂಟರಿನ ಮೈನಸ್ 78ಕ್ಕೇ ಜೋತುಬಿದ್ದಿರುತ್ತವೆ. ಓಡಾಡುವ ಫೋನುಗಳೇ ಹೆಚ್ಚಿದ್ದರೆ ಒಂದೇ ಹೆಸರು, ಒಂದೇ ಕಡೆ ಕೂರುವ ಟಿವಿ, ಆಫೀಸಿನ ಲ್ಯಾಪ್‌ಟಾಪ್ ಇದ್ದರೆ ಎರಡು ಹೆಸರು ಇಟ್ಟುಕೊಳ್ಳುವುದು ಒಳ್ಳೆಯದು. ಮೇಲಿನ ರೂಮಿನ ಟಿವಿ ಎಕ್ಸ್‌ಟೆಂಡರ್ ಪಕ್ಕವೇ ಇದ್ದರೆ ಅದರ ಲ್ಯಾನ್ ಪೋರ್ಟಿನಿಂದ ಮೂರಡಿ ವೈರು ಕೊಡಿ, ಗಾಳಿಯಲ್ಲಿ ಒಂದು ಹೊರೆ ಕಡಿಮೆಯಾಗುತ್ತದೆ.

ಕೈಕೊಟ್ಟಾಗ

ಕನೆಕ್ಟ್ ಆಗಿದೆ, ಇಂಟರ್‌ನೆಟ್ ಇಲ್ಲ. ಫೋನಿನಲ್ಲಿ ಆ ವೈ-ಫೈಯ ವಿವರ ತೆಗೆದು ಐಪಿ ವಿಳಾಸ ನೋಡಿ. ರೂಟರಿನ ಸಾಲಿನದೇ ವಿಳಾಸ (ರೂಟರ್ 192.168.1.1 ಆದರೆ ಫೋನಿಗೆ 192.168.1.ಏನಾದರೊಂದು) ಇದ್ದರೆ ಎಕ್ಸ್‌ಟೆಂಡರ್ ಸರಿಯಾಗಿದೆ, ತೊಂದರೆ ರೂಟರಿನಲ್ಲಿ ಅಥವಾ ಅದರಾಚೆ. ವಿಳಾಸ ಸಿಗದೆ ‘ಪಡೆಯಲಾಗುತ್ತಿದೆ’ ಎಂದೇ ನಿಂತರೆ, ಲ್ಯಾಪ್‌ಟಾಪಿನಲ್ಲಿ 169.254ರಿಂದ ಶುರುವಾಗುವ ವಿಳಾಸ ಕಂಡರೆ, ಎಕ್ಸ್‌ಟೆಂಡರ್ ರೂಟರಿಗೆ ಸೇರಿಯೇ ಇಲ್ಲ. ನೂರಕ್ಕೆ ತೊಂಬತ್ತು ಪಾಲು ಪಾಸ್‌ವರ್ಡ್ ತಪ್ಪು. 192.168.0 ಸಾಲಿನ ವಿಳಾಸ ಬಂದು, ನಿಮ್ಮ ರೂಟರಿನ ಸಾಲು ಬೇರೆಯಾಗಿದ್ದರೆ ಎಕ್ಸ್‌ಟೆಂಡರ್ ತಾನೇ ವಿಳಾಸ ಹಂಚಲು ಹೊರಟಿದೆ; ಅದರ ಡಿಎಚ್‌ಸಿಪಿಯನ್ನು ಆಟೊ ಅಥವಾ ಆಫ್‌ಗೆ ಇಡಿ. ಒಂದು ಮನೆಗೆ ವಿಳಾಸ ಹಂಚುವ ಯಜಮಾನ ಒಬ್ಬನೇ ಇರಬೇಕು.

ನಿನ್ನೆಯವರೆಗೆ ಸರಿಯಿತ್ತು, ಇವತ್ತು ಇಲ್ಲ. ರೂಟರಿನ ಪಾಸ್‌ವರ್ಡ್ ಯಾರಾದರೂ ಬದಲಿಸಿದರೇ, ಹೊಸ ರೂಟರ್ ಬಂತೇ ಕೇಳಿ. ಎಕ್ಸ್‌ಟೆಂಡರಿಗೆ ಅದನ್ನು ಯಾರೂ ಹೇಳಿರುವುದಿಲ್ಲ. ಅಂಥಾಗ ರೀಸೆಟ್ ಮಾಡಿ ಹೊಸದಾಗಿ ಜೋಡಿಸುವುದೇ ಬೇಗ: ಕರೆಂಟಿನಲ್ಲಿರುವಾಗ ಸಣ್ಣ ತೂತಿನಲ್ಲಿ ಪಿನ್ನು ಒತ್ತಿ, ದೀಪಗಳೆಲ್ಲ ಒಮ್ಮೆ ಮಿನುಗುವವರೆಗೆ ಹಿಡಿದು ಬಿಡಿ.

ಕರೆಂಟು ಬಂದ ಮೇಲೆ ಸೇರಿಕೊಳ್ಳುವುದಿಲ್ಲ. ಎಕ್ಸ್‌ಟೆಂಡರ್ ಬೇಗ ಏಳುತ್ತದೆ, ಫೈಬರ್ ರೂಟರ್ ನಿಧಾನ. ಸಾಮಾನ್ಯವಾಗಿ ಅದು ತಾನೇ ಮತ್ತೆಮತ್ತೆ ಪ್ರಯತ್ನಿಸಿ ಸೇರಿಕೊಳ್ಳುತ್ತದೆ. ಐದು ನಿಮಿಷವಾದರೂ ಸೇರದಿದ್ದರೆ ಎಕ್ಸ್‌ಟೆಂಡರ್ ಒಂದನ್ನೇ ಕಿತ್ತು ಹಾಕಿ. ಪ್ರತಿ ಸಲವೂ ಹೀಗಾದರೆ ರೂಟರಿನ ಚಾನೆಲ್ ಆಟೊದಲ್ಲೇ ಉಳಿದಿದೆಯೇ ನೋಡಿ, ಮತ್ತೆ ಫರ್ಮ್‌ವೇರ್ (ಡಬ್ಬಿಯೊಳಗಿನ ಸಾಫ್ಟ್‌ವೇರ್) ಅಪ್‌ಡೇಟ್ ಮಾಡಿ. ಅಪ್‌ಡೇಟ್ ನಡೆಯುವಾಗ ಕರೆಂಟು ಹೋಗಬಾರದು, ಯುಪಿಎಸ್ ಪಾಯಿಂಟಿಗೆ ಹಾಕಿಕೊಂಡೇ ಮಾಡಿ.

ಮೈಕ್ರೊವೇವ್ ಹಾಕಿದಾಗ ಸಾಯುತ್ತದೆ. ಅದೂ 2.4ರ ಸುತ್ತಲೇ ಕೆಲಸ ಮಾಡುವುದು. ಅಡುಗೆಮನೆ ಗೋಡೆಯ ಪ್ಲಗ್ಗು ಬಿಡಿ.

ಇನ್ನೂ ದೂರಕ್ಕೆ ಬೇಕೆಂದು ಎಕ್ಸ್‌ಟೆಂಡರಿಗೆ ಇನ್ನೊಂದು ಎಕ್ಸ್‌ಟೆಂಡರ್ ಪೋಣಿಸಬೇಡಿ. ಅರ್ಧದ ಅರ್ಧ ಉಳಿಯುತ್ತದೆ, ಎಲ್ಲಿ ಕಡಿಯಿತೆಂದು ಹುಡುಕಲೂ ಆಗದು.

ಎಕ್ಸ್‌ಟೆಂಡರಿಂದ ಆಗದ ಮನೆ

ಮೈನಸ್ 65 ಸಿಗುವ ಜಾಗಕ್ಕೂ ನಿಮ್ಮ ರೂಮಿಗೂ ನಡುವೆ ಎರಡು ದಪ್ಪ ಗೋಡೆ ಉಳಿದರೆ ಯಾವ ಎಕ್ಸ್‌ಟೆಂಡರೂ ಮರ್ಯಾದೆ ಉಳಿಸದು. ಅಲ್ಲಿಗೆ ವೈರೇ ಗತಿ, ನಿಜ ಹೇಳಬೇಕೆಂದರೆ ವೈರೇ ಎಲ್ಲಕ್ಕಿಂತ ಉತ್ತಮ. ರೂಟರಿನಿಂದ ಮೇಲಿನ ರೂಮಿಗೆ ಕ್ಯಾಟ್ 6 ಕೇಬಲ್ ಎಳೆಸಿ, ತುದಿಗೆ ಅದೇ ಎಕ್ಸ್‌ಟೆಂಡರನ್ನು ಆ್ಯಕ್ಸೆಸ್ ಪಾಯಿಂಟ್ ಮೋಡಿನಲ್ಲಿ (ವೈರಿನಲ್ಲಿ ಬಂದದ್ದನ್ನು ವೈ-ಫೈಯಾಗಿ ಹರಡುವ ರೀತಿ) ಹಾಕಿ. ಸೆಟ್ಟಿಂಗಿನಲ್ಲಿ ಮೋಡ್ ಬದಲಿಸಿ ಲ್ಯಾನ್ ಪೋರ್ಟಿಗೆ ವೈರು ಕೊಟ್ಟರೆ ಆಯಿತು, ಅರ್ಧವಾಗುವ ಪ್ರಶ್ನೆಯೇ ಇಲ್ಲ.

ಅಟ್ಟದಲ್ಲಿ ಹಳೆಯ ರೂಟರ್ ಬಿದ್ದಿದ್ದರೆ ಅದೂ ಸಾಕು. ಲ್ಯಾಪ್‌ಟಾಪಿಗೆ ಮಾತ್ರ ಸಿಕ್ಕಿಸಿಕೊಂಡು ಅದರ ಲ್ಯಾನ್ ವಿಳಾಸವನ್ನು ಹೊಸ ರೂಟರಿನ ಸಾಲಿಗೆ ತನ್ನಿ: ಹೊಸದು 192.168.1.1 ಆದರೆ ಇದಕ್ಕೆ 192.168.1.2, ಆ ವಿಳಾಸ ಬೇರೆ ಯಾವುದಕ್ಕೂ ಹೋಗಿರಬಾರದು. ಆಮೇಲೆ ಡಿಎಚ್‌ಸಿಪಿ ಆಫ್. ವೈ-ಫೈ ಹೆಸರು, ಪಾಸ್‌ವರ್ಡ್ ಹಾಕಿ, ಚಾನೆಲ್ ಮಾತ್ರ ಕೆಳಗಿನ ರೂಟರಿನದಲ್ಲದ್ದು, ಕೆಳಗೆ 1 ಇದ್ದರೆ ಮೇಲೆ 6 ಅಥವಾ 11. ಕೊನೆಗೆ ಕೆಳಗಿಂದ ಬಂದ ವೈರನ್ನು ಇದರ ಲ್ಯಾನ್ ಪೋರ್ಟಿಗೆ ಸಿಕ್ಕಿಸಿ. ಇಂಟರ್‌ನೆಟ್ ಕನೆಕ್ಷನ್ನಿಗೆಂದು ಇರುವ ಬೇರೆ ಬಣ್ಣದ ವ್ಯಾನ್ ಪೋರ್ಟಿಗೆ ಸಿಕ್ಕಿಸುವುದೇ ಇಲ್ಲಿ ಎಲ್ಲರೂ ಮಾಡುವ ತಪ್ಪು.

ಕೇಬಲ್ ಕೊಳ್ಳುವಾಗ ಪೂರ್ತಿ ತಾಮ್ರದ್ದೇ ಕೇಳಿ. ಸಿಸಿಎ ಎಂದು ಬರೆದದ್ದು ತಾಮ್ರದ ಲೇಪನವಿರುವ ಅಲ್ಯೂಮಿನಿಯಂ, ನಾಲ್ಕು ಸಲ ಬಗ್ಗಿಸಿದರೆ ಒಳಗೇ ಮುರಿಯುತ್ತದೆ. ಉದ್ದ 100 ಮೀಟರ್ ದಾಟಬಾರದು. ತುದಿ ಕ್ರಿಂಪ್ ಮಾಡುವಾಗ (ಎಳೆಗಳಿಗೆ ಕನೆಕ್ಟರ್ ಒತ್ತಿ ಕೂರಿಸುವಾಗ) ಎರಡೂ ಕಡೆ ಒಂದೇ ಕ್ರಮ: ಬಿಳಿ-ಕಿತ್ತಳೆ, ಕಿತ್ತಳೆ, ಬಿಳಿ-ಹಸಿರು, ನೀಲಿ, ಬಿಳಿ-ನೀಲಿ, ಹಸಿರು, ಬಿಳಿ-ಕಂದು, ಕಂದು. ಕ್ಲಿಪ್ಪು ಕೆಳಗಿರುವಂತೆ ಹಿಡಿದು ಎಡದಿಂದ ಎಣಿಸಬೇಕು. ಎಂಟರಲ್ಲಿ ಒಂದೆಳೆ ಸರಿಯಾಗಿ ಕೂರದಿದ್ದರೆ ಗಿಗಾಬಿಟ್ ಬರಬೇಕಾದ ಕಡೆ 100ಕ್ಕೆ ನಿಲ್ಲಬಹುದು. ಕರೆಂಟಿನ ವೈರು ಹೋಗುವ ಪೈಪಿನೊಳಗೆ ಇದನ್ನು ತೂರಿಸಬಾರದು.

ಮನೆಯಿಂದ ತೋಟದ ಶೆಡ್ಡಿಗೋ, ಅಂಗಳದಾಚೆಯ ಔಟ್‌ಹೌಸಿಗೋ ಬಯಲಲ್ಲಿ ತಾಮ್ರದ ಕೇಬಲ್ ಎಳೆಯುವ ಮುಂಚೆ ಸಿಡಿಲನ್ನು ನೆನೆಯಿರಿ. ಮಲೆನಾಡು, ಕರಾವಳಿಯಲ್ಲಿ ಏಪ್ರಿಲ್, ಮೇ ತಿಂಗಳ ಗುಡುಗು ಮಳೆಗೆ ಅಂಥ ಕೇಬಲ್ ಎರಡೂ ತುದಿಯ ಸಾಮಾನನ್ನು ಒಟ್ಟಿಗೆ ಬಲಿ ಕೊಡುತ್ತದೆ, ನೇರ ಹೊಡೆಯಬೇಕೆಂದೇನಿಲ್ಲ, ಹತ್ತಿರ ಬಿದ್ದರೂ ಸಾಕು. ಎರಡು ಕಟ್ಟಡದ ನಡುವೆ ಫೈಬರ್ ಎಳೆದು ಎರಡು ಕಡೆ ಮೀಡಿಯಾ ಕನ್ವರ್ಟರ್ (ಫೈಬರಿನ ಬೆಳಕನ್ನು ತಾಮ್ರದ ವೈರಿನ ಸಂಕೇತಕ್ಕೆ ಬದಲಿಸುವ ಡಬ್ಬಿ) ಇಟ್ಟರೆ ಆ ಭಯ ಇಲ್ಲ. ತಾಮ್ರವನ್ನೇ ಎಳೆದಿದ್ದಾಗಿದ್ದರೆ ಮೋಡ ಕಟ್ಟುವುದು ಕಂಡಾಗ ಕರೆಂಟಿನ ಪ್ಲಗ್ಗಿನ ಜೊತೆ ಲ್ಯಾನ್ ವೈರನ್ನೂ ಎರಡೂ ತುದಿಯಲ್ಲಿ ಬಿಚ್ಚಿಡಿ. ಗುಡುಗು ಹತ್ತಿರ ಬಂದ ಮೇಲೆ ಅದನ್ನು ಕೈಯಲ್ಲಿ ಮುಟ್ಟಬೇಡಿ.